ಯುದ್ಧ ಗೆದ್ದವರಿಗೆ ವೋಟ್ ಯಾಕಿಲ್ಲ?

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಕೂತು ‘ಡಾರ್ಕೆಸ್ಟ್ ಅವರ್’ ನೋಡಿದೆ. ಅಂಬಿಕಾನಗರದ ಪಕ್ಕದ ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ; ಬೆಂಗಳೂರಲ್ಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿದ್ದೆ. 1940ರ ಮೇ ತಿಂಗಳು, ಹಿಟ್ಲರನ ಸೇನೆ ಫ್ರಾನ್ಸಿಗೆ ನುಗ್ಗಿದೆ, ಚರ್ಚಿಲ್ ಆಗಷ್ಟೇ ಪ್ರಧಾನಿಯಾಗಿದ್ದಾನೆ. ಗ್ಯಾರಿ ಓಲ್ಡ್‌ಮನ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರ. ಆ ಗೊಣಗಾಟ, ಆ ಸಿಟ್ಟು ಇಂಗ್ಲಿಷ್ ಬಾರದ ಅಪ್ಪನಿಗೂ ತಲುಪಿತು. ಕೊನೆಯ ಭಾಷಣ ಮುಗಿದಾಗ ಅಪ್ಪ ಕೇಳಿದ: “ಮುಂದ ಎಲೆಕ್ಷನ್ನಿಗೆ ಇಂವ ಗೆದ್ದನೇನೋ?”

“ಇಲ್ಲಪ್ಪ, ಸೋತ. ಜನಕ್ಕೆ ಕೃತಜ್ಞತೆ ಅನ್ನೋದೇ ಇಲ್ಲ.”

ಅಪ್ಪ ಒಪ್ಪಲಿಲ್ಲ. ಆಮೇಲೆ ಯೋಚಿಸಿದರೆ, ನನಗೆ ಈ ಸಿನಿಮಾ ಮೇಲಿರೋ ತಕರಾರೂ ಅದೇ.

ಸಿನಿಮಾದಲ್ಲಿ ಚರ್ಚಿಲ್ ಲಂಡನ್ನಿನ ಸುರಂಗ ರೈಲು ಹತ್ತಿ, ಸಾಮಾನ್ಯ ಜನರನ್ನು ಕೇಳ್ತಾನೆ: ಶರಣಾಗೋಣವಾ, ಹೋರಾಡೋಣವಾ? ಎಲ್ಲರೂ ಹೋರಾಡೋಣ ಅಂತಾರೆ. ಈ ದೃಶ್ಯ ಪೂರ್ತಿ ಕಲ್ಪನೆ. ಕಲ್ಪನೆ ತಪ್ಪಲ್ಲ. ಆದರೆ ಇಲ್ಲಿ ಜನರ ಕೆಲಸ ನಾಯಕನಿಗೆ ಹೌದು ಅನ್ನೋದು ಮಾತ್ರ. ಅವರಿಗೆ ಬೇರೆ ಏನು ಬೇಕಿತ್ತು ಅಂತ ಸಿನಿಮಾ ಕೇಳೋದೇ ಇಲ್ಲ.

ಅವರು ನಿಜವಾಗಿ ಉತ್ತರ ಕೊಟ್ಟಿದ್ದು 1945ರ ಜುಲೈನಲ್ಲಿ. ಯುರೋಪಿನ ಯುದ್ಧ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. 640 ಸ್ಥಾನಗಳಲ್ಲಿ ಲೇಬರ್ ಪಕ್ಷಕ್ಕೆ 393. ಬಾಂಬಿಗೆ ಬಿದ್ದ ಮನೆಗಳನ್ನು ಕಟ್ಟಬೇಕಿತ್ತು. 1930ರ ದಶಕದ ನಿರುದ್ಯೋಗ ಯಾರಿಗೂ ಮರೆತಿರಲಿಲ್ಲ. ಕಾಯಿಲೆ, ಮುಪ್ಪು, ನಿರುದ್ಯೋಗಕ್ಕೆ ಸರ್ಕಾರವೇ ಆಸರೆಯಾಗಬೇಕು ಅಂದ 1942ರ ಬೆವರಿಜ್ ವರದಿಯನ್ನು ಜನ ಲಕ್ಷಗಟ್ಟಲೆ ಕೊಂಡು ಓದಿದ್ದರು. ಚರ್ಚಿಲ್ ಮಾತ್ರ ರೇಡಿಯೋದಲ್ಲಿ, ಸಮಾಜವಾದ ಬಂದರೆ ಗೆಸ್ಟಾಪೊ ಥರದ ಪೊಲೀಸರೂ ಬರ್ತಾರೆ ಅಂತ ಹೆದರಿಸಿದ. ಯುದ್ಧದುದ್ದಕ್ಕೂ ಅವನದೇ ಸಂಪುಟದಲ್ಲಿ ದೇಶದೊಳಗಿನ ಕೆಲಸ ನೋಡಿಕೊಂಡಿದ್ದವರು ಅದೇ ಲೇಬರ್ ಪಕ್ಷದ ಆಟ್ಲಿ, ಬೆವಿನ್, ಮಾರಿಸನ್. ಜನ ಅವರನ್ನೇ ಆರಿಸಿದರು.

ನಮ್ಮ ದೇಶದ್ದೂ ಇದೇ ಕಥೆ. ಬಾಂಗ್ಲಾ ಯುದ್ಧ ಗೆದ್ದು ಇಂದಿರಾ ಗಾಂಧಿ 352 ಸ್ಥಾನ ತಗೊಂಡರು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಆ ಚುನಾವಣೆ ನಡೆದದ್ದು 1971ರ ಮಾರ್ಚಿನಲ್ಲಿ, ‘ಗರೀಬಿ ಹಟಾವೊ’ ಘೋಷಣೆ ಮೇಲೆ. ಯುದ್ಧ ಡಿಸೆಂಬರಿನಲ್ಲಿ. ಯುದ್ಧದ ನಂತರದ ಮೊದಲ ಲೋಕಸಭಾ ಚುನಾವಣೆ 1977ರದ್ದು. ಆಗ ರಾಯ್‌ಬರೇಲಿಯಲ್ಲಿ ಅವರೇ ಸೋತರು. ಉತ್ತರ ಪ್ರದೇಶದ 85ರಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಕರ್ನಾಟಕದಲ್ಲಿ? 28ಕ್ಕೆ 26! ಅದೇ ನಾಯಕಿ, ಅದೇ ಯುದ್ಧ, ಅದೇ ತುರ್ತು ಪರಿಸ್ಥಿತಿ.

ಇದನ್ನು ಅಪ್ಪನಿಗೆ ಹೇಳಿದೆ. “ನನಗ ಆಗ ವೋಟಿರಲಿಲ್ಲ, ಇಪ್ಪತ್ತೊಂದು ತುಂಬಬೇಕಿತ್ತು. ನಿಮ್ಮಜ್ಜ ಹಾಕಿ ಬಂದ. ಪಾಕಿಸ್ತಾನ ಸೋಲಿಸಿದ್ಲು ಅಂತಲ್ಲೋ. ಗೇಣಿ ಗದ್ದಿ ನಮ್ಮ ಹೆಸರಿಗೆ ಆಗತೈತಿ ಅಂತ ಅರ್ಜಿ ಕೊಟ್ಟಿದ್ದ.”

ದೇವರಾಜ ಅರಸರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆ ಅದು. ಕಾರಣ ಅದೊಂದೇ ಅಲ್ಲ. ತುರ್ತು ಪರಿಸ್ಥಿತಿಯ ಬಲವಂತ ದಕ್ಷಿಣದಲ್ಲಿ ಅಷ್ಟು ತಟ್ಟಿರಲಿಲ್ಲ. ಆದರೂ ಅಲ್ಲಿ ಬಾಗಿಲಿಗೆ ಬಂದದ್ದು ನಸ್‌ಬಂದಿ, ಇಲ್ಲಿ ಪಹಣಿ. ಜನ ಅದಕ್ಕೆ ವೋಟ್ ಹಾಕಿದರು, ಢಾಕಾಕ್ಕಲ್ಲ.

ಕಾರ್ಗಿಲ್ ನೋಡಿ. 1998ರಲ್ಲಿ ಬಿಜೆಪಿಗೆ 182 ಸ್ಥಾನ, ಯುದ್ಧ ಗೆದ್ದ ಮೇಲೆ 1999ರಲ್ಲೂ 182. ಯುದ್ಧ ಮುಗಿದು ಕೆಲವೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಕೆನರಾ ಕ್ಷೇತ್ರದಲ್ಲಿ ಬಿಜೆಪಿಯ ಅನಂತಕುಮಾರ ಹೆಗಡೆ ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವ ಎದುರು ಸೋತರು. 2004ರಲ್ಲಿ ದೇಶ ವಾಜಪೇಯಿ ಸರ್ಕಾರವನ್ನು ಇಳಿಸಿತು. ಆಗ ನಾವು ಹೆಗಡೆಯವರನ್ನೇ ಗೆಲ್ಲಿಸಿದೆವು. ಕೃತಜ್ಞತೆ, ಕೃತಘ್ನತೆ ಅಂತ ಅಳೆದರೆ ಈ ಲೆಕ್ಕ ತಾಳೆ ಆಗೋದೇ ಇಲ್ಲ.

ಅಪ್ಪನ ಹತ್ತಿರ ಹೇಳದ ಮಾತೊಂದಿದೆ. ನಮ್ಮ ಆಫೀಸಿನಲ್ಲೂ ‘ವಾರ್ ರೂಮ್’ ಇದೆ. ಸರ್ವರ್ ಬಿದ್ದಾಗ ಮೂರು ರಾತ್ರಿ ನಿದ್ದೆಗೆಟ್ಟು ಎತ್ತಿ ನಿಲ್ಲಿಸಿದವನು ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದೆ ಟೀಮ್ ಲೀಡ್ ಯಾರಾಗಬೇಕು ಅಂತ ಕೇಳಿದಾಗ ಬೇರೆಯವಳ ಹೆಸರು ಹೇಳಿದರು. ವರ್ಷವಿಡೀ ಹೊಸಬರಿಗೆ ಕೆಲಸ ಕಲಿಸಿದ್ದು, ಎಲ್ಲರ ರಜೆ ಹೊಂದಿಸಿದ್ದು ಅವಳು. ನಾನು ವಾರ್ ರೂಮಿನ ದನಿಯಲ್ಲೇ ದಿನಾ ಕೂಗಾಡ್ತಿದ್ದೆ. ಆರು ತಿಂಗಳು ಮುನಿಸಿಕೊಂಡಿದ್ದೆ. ಜನಕ್ಕೆ ಕೃತಜ್ಞತೆ ಇಲ್ಲ ಅಂತ ಅಪ್ಪನಿಗೆ ಹೇಳಿದ್ದು ಚರ್ಚಿಲ್ ಬಗ್ಗೆ ಮಾತ್ರ ಆಗಿರಲಿಲ್ಲ.

ಚಪ್ಪಾಳೆ ಸುಳ್ಳಾಗಿರಲಿಲ್ಲ. ಆಗಿಹೋದ ಕೆಲಸಕ್ಕೆ ಅದು. ವೋಟು ನಾಳೆಯ ಕೆಲಸಕ್ಕೆ. ಅಜ್ಜನ ಹೆಸರಿನ ಪಹಣಿ ಇನ್ನೂ ಅಪ್ಪನ ಟ್ರಂಕಿನಲ್ಲಿದೆ. ಇಂದಿರಾ ಗಾಂಧಿ ಫೋಟೋ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.