ಹಸಿರು ಅಂಕಿಯ ಕೀರ್ತಿ, ನೂಲಿನ ಅವಗಣನೆ

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಕಂಪ್ಯೂಟರ್ ಅಲೈನ್‌ಮೆಂಟಿನ ಕಾಗದಕ್ಕೆ ಕೊಡುವ ಮರ್ಯಾದೆಯನ್ನು ಕಾರಿನ ಕೈಪಿಡಿಗೂ ಕೊಡುವುದಿಲ್ಲ. ನಾಲ್ಕು ಚಕ್ರಗಳ ಚಿತ್ರ, ಪಕ್ಕದಲ್ಲಿ ಅಂಕಿಗಳು, ಅಂಕಿಗಳ ಹಿಂದೆ ಹಸಿರು ಬಣ್ಣ. ಎಲ್ಲವೂ ಹಸಿರಾಯಿತೆಂದರೆ ಕೆಲಸ ಮುಗಿಯಿತು, ಹಣ ಕೊಟ್ಟು ಹೊರಡಬಹುದು. ಆಮೇಲೆ ಕೆಲವೇ ಸಾವಿರ ಕಿಲೋಮೀಟರಿಗೆ ಹಿಂದಿನ ಟೈರಿನ ಒಳಅಂಚಿನಲ್ಲಿ ತಂತಿ ಇಣುಕಿದಾಗ ರಸ್ತೆಯನ್ನು ಬೈಯುತ್ತಾರೆ, ಟೈರಿನ ಕಂಪನಿಯನ್ನು ಬೈಯುತ್ತಾರೆ, ಕ್ಯಾಂಬರನ್ನು ಬೈಯುತ್ತಾರೆ. ಕಾಗದವನ್ನು ಮಾತ್ರ ಯಾರೂ ಮತ್ತೆ ತೆಗೆದು ಓದುವುದಿಲ್ಲ. ಈ ಕಾಗದದ ಕೀರ್ತಿ ಅದರ ಯೋಗ್ಯತೆಯನ್ನು ಮೀರಿ ಬೆಳೆದಿದೆ. ಕಾಟನ್‌ಪೇಟೆ, ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಹಳೆಯ ಗ್ಯಾರೇಜುಗಳಲ್ಲಿ ನೂಲು ಕಟ್ಟಿ ಸ್ಟೀಲ್ ಸ್ಕೇಲು ಹಿಡಿದು ಟೋ ನೋಡುತ್ತಿದ್ದ ವಿಧಾನಕ್ಕೆ ಅದೇ ಹೊತ್ತಿನಲ್ಲಿ ಅನ್ಯಾಯವಾಗಿದೆ.

ಟೋ, ಕ್ಯಾಂಬರ್, ಕ್ಯಾಸ್ಟರ್ ಅಂದರೇನು ಎಂದು ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ. ಓದುವವರಿಗೆ ಅದು ಗೊತ್ತು. ಈ ಊರಿಗೆ ಸ್ಪೋರ್ಟ್ಸ್ ಕಾರು ಹೊಸದಲ್ಲ ಎಂಬುದೂ ಗೊತ್ತು. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಬಳಗವೇ ತೊಂಬತ್ತರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಫೈಬರ್ ಮೈಯ ಕಾರನ್ನು ಹೊರತಂದಿತ್ತು. ನೆನಪಿಡಬೇಕಾದದ್ದು ಬೇರೆ ಇದೆ. ನಮ್ಮ ಅಲೈನ್‌ಮೆಂಟ್ ಅಂಗಡಿಗಳ ರೂಢಿ ಬೆಳೆದದ್ದು ಅಂಬಾಸಡರ್, ಪದ್ಮಿನಿ, ಮಾರುತಿ 800, ಆಮೇಲೆ ಸ್ವಿಫ್ಟ್, ಪೋಲೋಗಳ ಮೇಲೆ. ಇವು ಯಾವುದರಲ್ಲೂ ಹಿಂದಿನ ಚಕ್ರದ ಟೋವನ್ನು ಬೋಲ್ಟ್ ತಿರುಗಿಸಿ ಹೊಂದಿಸುವ ವ್ಯವಸ್ಥೆ ಇಲ್ಲ. ಆದ್ದರಿಂದ ಅಲೈನ್‌ಮೆಂಟ್ ಎಂದರೆ ಮುಂದಿನ ಎರಡು ಟೈ ರಾಡ್ ತಿರುಗಿಸುವುದು ಎಂಬ ತಿಳಿವಳಿಕೆ ಗಟ್ಟಿಯಾಯಿತು. ಪೋರ್ಷೆ 911 ಅಥವಾ ಬಿಎಂಡಬ್ಲ್ಯೂ ಝಡ್4 ಅದೇ ರ‍್ಯಾಂಪಿನ ಮೇಲೆ ಹತ್ತಿದಾಗಲೂ ಕೈ ಮೊದಲು ಹೋಗುವುದು ಮುಂದಿನ ಟೈ ರಾಡಿಗೇ. ಹಿಂದಿನದನ್ನು ಕೇಳಿದರೆ ‘ಗ್ರೀನ್ ಇದೆಯಲ್ಲ ಸಾರ್’ ಎಂಬ ಉತ್ತರ ಬರುತ್ತದೆ.

ಆ ಹಸಿರನ್ನೇ ಸ್ವಲ್ಪ ನಿಧಾನವಾಗಿ ಓದೋಣ. ಕಾಗದದಲ್ಲಿ ನಮಗೆ ಬೇಕಾದದ್ದು ಒಂದೇ ಸಾಲು: ಹಿಂದಿನ ಎರಡೂ ಚಕ್ರ ಸೇರಿದ ಒಟ್ಟು ಟೋ. ಕಂಪನಿ ಕೊಟ್ಟ ಮಿತಿ 10 ನಿಮಿಷದಿಂದ 40 ನಿಮಿಷದ ಟೋ ಇನ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ನಿಮಿಷ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. ಯಂತ್ರ 10 ತೋರಿಸಿದರೂ ಹಸಿರು, 40 ತೋರಿಸಿದರೂ ಅದೇ ಹಸಿರು. ಮೊದಲನೆಯದರಲ್ಲಿ ಒಂದೊಂದು ಚಕ್ರದ ಪಾಲಿಗೆ 5 ನಿಮಿಷ, ಎರಡನೆಯದರಲ್ಲಿ 20 ನಿಮಿಷ. ಚಕ್ರ ಮುಖ ಮಾಡಿದ ದಿಕ್ಕಿಗೂ ಕಾರು ಸಾಗುವ ದಿಕ್ಕಿಗೂ 5 ನಿಮಿಷದ ವ್ಯತ್ಯಾಸವಿದ್ದರೆ, ಕಾರು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆ ಚಕ್ರ ಸುಮಾರು 1.45 ಮೀಟರ್ ಅಡ್ಡಕ್ಕೆ ಎಳೆಸಿಕೊಳ್ಳುತ್ತದೆ. 20 ನಿಮಿಷವಿದ್ದರೆ 5.8 ಮೀಟರ್. ಹತ್ತು ಸಾವಿರ ಕಿಲೋಮೀಟರಿಗೆ ಒಂದು ಟೈರು ಹದಿನಾಲ್ಕೂವರೆ ಕಿಲೋಮೀಟರ್ ಅಡ್ಡ ಹೋಗಿದೆ, ಇನ್ನೊಂದು ಐವತ್ತೆಂಟು. ರಬ್ಬರು ಬಳುಕುವ ವಸ್ತು, ಈ ಎಳೆತವೆಲ್ಲ ಉಜ್ಜಾಟವಾಗುವುದಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪುತ್ತೇನೆ. ಆದರೆ ಆ ತಕರಾರು ನನ್ನ ಪಕ್ಷವನ್ನೇ ಗಟ್ಟಿ ಮಾಡುತ್ತದೆ. ಕೋನ ಚಿಕ್ಕದಿದ್ದಾಗ ರಬ್ಬರು ಬಹುಪಾಲು ಬಳುಕಿ ಸುಧಾರಿಸಿಕೊಳ್ಳುತ್ತದೆ; ಕೋನ ಹಿಗ್ಗಿದಂತೆ ನಿಜವಾಗಿ ಜಾರುವ ಪಾಲು ಹೆಚ್ಚುತ್ತಾ ಹೋಗುತ್ತದೆ. ಜಾರುವ ಚಕ್ರಗಳ ಸವೆತದ ಬಗ್ಗೆ ಶಾಲಾಮಾಕ್ ಮತ್ತು ಟರ್ನರ್ 1960ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸಣ್ಣ ಕೋನಗಳಲ್ಲಿ ಸವೆತ ಸರಿಸುಮಾರು ಆ ಕೋನದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಕೋನ ನಾಲ್ಕು ಪಟ್ಟಾದರೆ ಟೋದಿಂದಾಗುವ ಸವೆತ ಹದಿನಾರು ಪಟ್ಟಿನ ಹತ್ತಿರ ಹೋಗುತ್ತದೆ. ಇಷ್ಟು ದೊಡ್ಡ ಅಂತರವನ್ನು ಒಂದೇ ಬಣ್ಣದಲ್ಲಿ ಮುಚ್ಚಿಡುವ ಕಾಗದವನ್ನು ಟೈರಿನ ಆಯುಸ್ಸಿಗೆ ಪ್ರಮಾಣಪತ್ರವೆಂದು ಒಪ್ಪುವುದು ಹೇಗೆ?

ಇದೇ ಸಾಲಿನಲ್ಲಿ ಇನ್ನೊಂದು ತೊಡಕಿದೆ. ಟೋವನ್ನು ಕೆಲವರು ಇನ್ನೂ ಮಿಲಿಮೀಟರಿನಲ್ಲಿ ಹೇಳುತ್ತಾರೆ. 15 ಇಂಚಿನ ರಿಮ್ಮಿನ ಮೇಲೆ 2 ಮಿಲಿಮೀಟರ್ ಎಂದರೆ 18 ನಿಮಿಷ. 19 ಇಂಚಿನ ರಿಮ್ಮಿನ ಮೇಲೆ ಅದೇ 2 ಮಿಲಿಮೀಟರ್ 14 ನಿಮಿಷ. ಯಂತ್ರದಲ್ಲಿ ರಿಮ್ಮಿನ ಅಳತೆ ಹಿಂದಿನ ಗಿರಾಕಿಯದ್ದೇ ಉಳಿದಿದ್ದರೆ ಅಂಕಿಗೆ ಅರ್ಥವಿಲ್ಲ.

ಥ್ರಸ್ಟ್ ಆ್ಯಂಗಲ್ ಬಗ್ಗೆ ಅಂಗಡಿಗಳಲ್ಲಿ ಹುಟ್ಟಿಸುವ ಭಯ ಟೈರಿನ ಮಟ್ಟಿಗೆ ಅನಗತ್ಯ. ಹಿಂದಿನ ಎಡಚಕ್ರ 20, ಬಲಚಕ್ರ ಸೊನ್ನೆ ಇದ್ದರೆ ಎಡದ ಟೈರು ಮಾತ್ರ ಹೋಗುತ್ತದೆ ಎನ್ನುತ್ತಾರೆ. ಹಾಗಾಗುವುದಿಲ್ಲ. ಕಾರು 10 ನಿಮಿಷದಷ್ಟು ಓರೆಯಾಗಿ ಸಾಗುತ್ತದೆ, ಎರಡೂ ಚಕ್ರ ತಲಾ ಹತ್ತನ್ನು ಹಂಚಿಕೊಳ್ಳುತ್ತವೆ, ಸ್ಟೀರಿಂಗ್ ಚಕ್ರ ಸ್ವಲ್ಪ ವಾಲಿಕೊಳ್ಳುತ್ತದೆ. ವಾಲಿದ ಸ್ಟೀರಿಂಗ್ ಸಹಿಸಲು ಆಗುವುದಿಲ್ಲ, ಸರಿಪಡಿಸಲೇಬೇಕು, ನಿಜ. ಆದರೆ ಟೈರನ್ನು ತಿನ್ನುವುದು ಒಟ್ಟು ಟೋ. ಅದಕ್ಕೇ ಆ ಒಂದು ಸಾಲನ್ನು ನಾನು ಇಷ್ಟು ಹಿಡಿದುಕೊಂಡಿರುವುದು.

ಈಗ ಕ್ಯಾಂಬರ್ ಪಕ್ಷದವರ ಜೊತೆಗಿನ ಜಗಳ. ಇಂಗ್ಲಿಷಿನ ಮೋಟಾರು ಅಂಕಣಗಳನ್ನು ಓದಿ ಬೆಳೆದ ವಿಮರ್ಶಕರ ಒಂದು ಗುಂಪು, ಒಳಅಂಚಿನ ಸವೆತ ಕಂಡ ಕೂಡಲೇ ಹಿಂದಿನ ಚಕ್ರದ ನೆಗೆಟಿವ್ ಕ್ಯಾಂಬರನ್ನು ಗಲ್ಲಿಗೇರಿಸುತ್ತದೆ. ಅವರ ಬಲವಾದ ವಾದ ಹೀಗಿದೆ: ಟೋ ಇನ್ ಇದ್ದರೆ ಹೊರಅಂಚು ಸವೆಯಬೇಕು, ಇಲ್ಲಿ ಹೋಗಿರುವುದು ಒಳಅಂಚು, ಆದ್ದರಿಂದ ತಪ್ಪು ಕ್ಯಾಂಬರಿನದ್ದು. ಕೇಳಲು ಚೆನ್ನಾಗಿದೆ, ನೇರವಾಗಿ ನಡೆಯುವ ಸಾಧಾರಣ ಕಾರಿಗೆ ಸರಿಯೂ ಹೌದು. ಆದರೆ 997 ಪೀಳಿಗೆಯ ಕರೇರಾ ಎಸ್ ಕಾರಿನ ಹಿಂದಿನ ಟೈರನ್ನು ತೆಗೆದುಕೊಳ್ಳಿ, 295/30, 19 ಇಂಚು. ಒಂದೂವರೆ ಡಿಗ್ರಿ ಕ್ಯಾಂಬರಿನಲ್ಲಿ ಆ ಅಗಲದ ಟೈರು ಕಲ್ಲಿನಷ್ಟು ಗಟ್ಟಿಯಾಗಿದ್ದಿದ್ದರೆ ಹೊರಅಂಚು ನೆಲದಿಂದ ಏಳೂಮುಕ್ಕಾಲು ಮಿಲಿಮೀಟರಿನಷ್ಟು ಮೇಲೆದ್ದಿರುತ್ತಿತ್ತು. ರಬ್ಬರು ಒತ್ತಿಕೊಳ್ಳುವುದರಿಂದ ಏಳುವುದಿಲ್ಲ, ಆದರೆ ಭಾರ ಒಳಗಡೆಗೆ ಸರಿದಿರುತ್ತದೆ. ಭಾರ ಎಲ್ಲಿದೆಯೋ ಅಲ್ಲೇ ಟೋ ಉಜ್ಜುತ್ತದೆ. ಕ್ಯಾಂಬರ್ ಸವೆತದ ಜಾಗವನ್ನು ತೀರ್ಮಾನಿಸಿತು. ಸವೆತದ ವೇಗವನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಟೋ. ಈ ವ್ಯತ್ಯಾಸ ಕಾಣದವರು ತಪ್ಪು ಬೋಲ್ಟನ್ನು ತಿರುಗಿಸುತ್ತಾರೆ.

ಸಾಕ್ಷಿ ಬೇಕೆಂದರೆ ಟೈರಿನಲ್ಲೇ ಇದೆ. ಕೈಯನ್ನು ಟೈರಿನ ಹಿಂದೆ ತೂರಿಸಿ ಒಳಅಂಚಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಅಂಗೈ ಸವರಬೇಕು. ಕ್ಯಾಂಬರ್ ಒಂದರಿಂದಲೇ ಸವೆದ ಟೈರು ಎರಡೂ ದಿಕ್ಕಿಗೆ ನುಣುಪಾಗಿ, ಇಳಿಜಾರಾಗಿ ಸಿಗುತ್ತದೆ. ಟೋ ಇನ್ ಅತಿಯಾದ ಟೈರಿನಲ್ಲಿ ಪ್ರತಿ ಪಟ್ಟಿಯ ಒಳಬದಿ ಗರಗಸದ ಹಲ್ಲಿನಂತೆ ಚೂಪಾಗಿರುತ್ತದೆ. ಹೊರಗಿನಿಂದ ಒಳಕ್ಕೆ ಕೈ ನಯವಾಗಿ ಜಾರುತ್ತದೆ, ಒಳಗಿನಿಂದ ಹೊರಕ್ಕೆ ಬರುವಾಗ ಗೀರುತ್ತದೆ. ಟೋ ಔಟ್ ಆದರೆ ಇದರ ತದ್ವಿರುದ್ಧ. ಕ್ಯಾಂಬರನ್ನು ಗಲ್ಲಿಗೇರಿಸಿದವರಲ್ಲಿ ಎಷ್ಟು ಮಂದಿ ಬಗ್ಗಿ ಕೈ ಹಾಕಿದ್ದಾರೆ? ‘ಒಳಗಡೆ ತಿಂದಿದೆ’ ಎಂದು ದೂರದಿಂದ ನೋಡಿ ತೀರ್ಪು ಕೊಡುವುದು ವಿಮರ್ಶೆಯಲ್ಲ.

ಅವರ ಸಲಹೆ ಇನ್ನೂ ಅಪಾಯಕಾರಿ. ಟೈರು ಉಳಿಸಲು ಕ್ಯಾಂಬರನ್ನು ಸೊನ್ನೆಗೆ ತನ್ನಿ ಎನ್ನುತ್ತಾರೆ. ಬೆಳಗಿನ ಜಾವ ನಂದಿಬೆಟ್ಟದ ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ವಾಲಿದಾಗ ಆ ಒಂದೂವರೆ ಡಿಗ್ರಿ ಇರುವುದರಿಂದಲೇ ಹೊರಚಕ್ರದ ಟೈರು ಪೂರ್ತಿ ಅಗಲ ನೆಲ ಹಿಡಿಯುತ್ತದೆ. ಅದನ್ನು ಕಿತ್ತುಕೊಂಡರೆ ಕಾರು ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ, ಹಿಂಭಾಗ ಬೇಗ ಹಿಡಿತ ಬಿಡುತ್ತದೆ. ಕಾಟನ್‌ಪೇಟೆಯಲ್ಲಿ ಕರಗ ನಿಂತು ಹೋಗುವ ತವಕ್ಕಲ್ ಮಸ್ತಾನ್ ದರ್ಗಾದ ಮುಂದಿನ ರಸ್ತೆಯಲ್ಲಿ, ಕೈಗಾಡಿಗಳ ಹಿಂದೆ ತೆವಳುವಾಗ, ಕ್ಯಾಂಬರಿಗೆ ಕೆಲಸವಿಲ್ಲ ಎಂಬುದು ನಿಜ. ಊರೊಳಗೆ ನೇರಕ್ಕೆ ತೆವಳುವ ಕಾರು ತಿರುವಿನಲ್ಲಿ ಹೊರಅಂಚನ್ನು ಬಳಸುವುದೇ ಇಲ್ಲ, ಒಳಅಂಚು ಒಂದೇ ದುಡಿಯುತ್ತದೆ. ಅದಕ್ಕೆ ಮದ್ದು ಟೋವನ್ನು ಕಂಪನಿಯ ಮಿತಿಯ ಕೆಳತುದಿಗೆ ತರುವುದು. ಮಿತಿಯೊಳಗೇ ಇರುತ್ತೀರಿ, ಹಿಂಭಾಗದ ಸ್ಥಿರತೆಗೆ ಬೇಕಾದ ಟೋ ಇನ್ ಉಳಿಯುತ್ತದೆ, ಟೈರೂ ಉಳಿಯುತ್ತದೆ. ಇಂಥ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಅದಲುಬದಲು ಮಾಡಿ ಸವೆತ ಹಂಚುವ ದಾರಿಯೂ ಇಲ್ಲ.

ಪ್ರತಿ 5,000 ಕಿಲೋಮೀಟರಿಗೆ ಅಲೈನ್‌ಮೆಂಟ್ ಎಂಬ ಮಂತ್ರದವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾರು ಓಡಿದ ಮಾತ್ರಕ್ಕೆ ಬೋಲ್ಟು ತಾನಾಗಿ ತಿರುಗುವುದಿಲ್ಲ. ಗುಂಡಿಗೆ ಬಿದ್ದಾಗ, ಬುಶ್ ಸಡಿಲವಾದಾಗ, ಬಾಲ್ ಜಾಯಿಂಟ್ ಬದಲಿಸಿದಾಗ, ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸಿದಾಗ ಅಲೈನ್‌ಮೆಂಟ್ ಕೆಡುತ್ತದೆ. ಟೆಂಡರ್‌ಶ್ಯೂರ್ ಕಾಮಗಾರಿಗೆ ಕಾಟನ್‌ಪೇಟೆ ಮುಖ್ಯರಸ್ತೆಯನ್ನು ಅಗೆದಿದ್ದ ಕಾಲದಲ್ಲಿ ಒಂದೇ ಸಂಜೆ ಸಾಕಾಗಿತ್ತು. ರಸ್ತೆ ಉಬ್ಬು 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾನದಂಡ ಹೇಳಿತ್ತು. ನಮ್ಮ ಗಲ್ಲಿಯ ಉಬ್ಬುಗಳನ್ನು ನೋಡಿದವರಿಗೆ ಉಳಿದದ್ದು ತಿಳಿದೀತು. ಬುಶ್ ಹೋದ ಕಾರಿಗೆ ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವಿಲ್ಲ: ನಿಂತಾಗ ಹಸಿರು, ಬ್ರೇಕ್ ಒತ್ತಿದಾಗ ಚಕ್ರ ಬೇರೆ ದಿಕ್ಕಿಗೆ ಮುಖ ಮಾಡುತ್ತದೆ.

ಇನ್ನು ನೂಲು. ಹತ್ತಿಯ ವ್ಯಾಪಾರದಿಂದ ಹೆಸರು ಪಡೆದ ಪೇಟೆಯ ಒಂದು ಗ್ಯಾರೇಜಿನಲ್ಲಿ ಈ ವಿಧಾನ ಇನ್ನೂ ಉಳಿದಿದೆ. ಬೇಕಾದದ್ದು ನಾಲ್ಕು ಸ್ಟ್ಯಾಂಡು, ಎರಡು ಉದ್ದನೆಯ ನೂಲು, ಒಂದು ಸ್ಟೀಲ್ ಸ್ಕೇಲು, ಮಟ್ಟಸವಾದ ನೆಲ. ಟೈರಿನ ಗಾಳಿ ಸರಿ ಮಾಡಿ, ಕಾರನ್ನು ಕುಲುಕಿಸಿ ಸಸ್ಪೆನ್ಶನ್ ಕೂರಿಸಿ, ಸ್ಟೀರಿಂಗನ್ನು ನೇರಕ್ಕೆ ಕಟ್ಟಿ, ಹಬ್ಬಿನ ಎತ್ತರದಲ್ಲಿ ಎರಡೂ ಬದಿಗೆ ನೂಲು ಎಳೆಯುತ್ತಾರೆ. ಇಲ್ಲೇ ಕಲಿಯದವರು ಸೋಲುವುದು. ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರಗಳ ನಡುವಿನ ಅಗಲ ಮುಂದಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ನೂಲನ್ನು ನಾಲ್ಕೂ ಹಬ್ಬಿನಿಂದ ಒಂದೇ ದೂರಕ್ಕೆ ಇಟ್ಟರೆ ನೂಲೇ ಓರೆಯಾಗುತ್ತದೆ. ಎಡಬಲ ದೂರ ಸಮ ಇರಬೇಕು, ಹಿಂದುಮುಂದಿನ ದೂರದಲ್ಲಿ ಆ ಅಗಲದ ವ್ಯತ್ಯಾಸದ ಅರ್ಧದಷ್ಟು ಅಂತರ ಉಳಿಯಬೇಕು. ಆಗ ಮಾತ್ರ ಎರಡೂ ನೂಲು ಒಂದಕ್ಕೊಂದು, ಕಾರಿನ ನಡುಗೆರೆಗೂ ಸಮಾಂತರ. ಆಮೇಲೆ ರಿಮ್ಮಿನ ಮುಂದಿನ ಅಂಚಿನಿಂದ ನೂಲಿಗೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಎಂದು ಅಳೆಯುವುದು. ಕಾರನ್ನು ಚಕ್ರದ ಅರ್ಧ ಸುತ್ತಿನಷ್ಟು ತಳ್ಳಿ, ನೂಲನ್ನು ಮತ್ತೆ ಹೊಂದಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯುವುದು, ರಿಮ್ಮಿನ ಸೊಟ್ಟು ಲೆಕ್ಕದೊಳಗೆ ನುಸುಳದಂತೆ.

ಇದು ಅಂದಾಜಿನ ಕೆಲಸ ಎಂದು ಹೇಳುವವರು ಲೆಕ್ಕ ಮಾಡಿ ನೋಡಲಿ. 19 ಇಂಚಿನ ರಿಮ್ಮಿನ ಮೇಲೆ 5 ನಿಮಿಷದ ಟೋ ಎಂದರೆ ಮುಂದಿನ ಹಿಂದಿನ ಅಳತೆಗಳ ನಡುವೆ 0.7 ಮಿಲಿಮೀಟರ್ ವ್ಯತ್ಯಾಸ. 20 ನಿಮಿಷ ಎಂದರೆ 2.8 ಮಿಲಿಮೀಟರ್. ಅರ್ಧ ಮಿಲಿಮೀಟರಿನ ಗೆರೆಯಿರುವ ಸ್ಕೇಲಿನಲ್ಲಿ ಈ ಎರಡನ್ನು ಬೇರ್ಪಡಿಸಲು ಸಾಮಾನ್ಯ ಕಣ್ಣು ಸಾಕು. ಹಸಿರು ಬಣ್ಣ ಮುಚ್ಚಿಟ್ಟ ವ್ಯತ್ಯಾಸವನ್ನು ನೂಲು ಹೀಗೆ ಬಿಡಿಸಿ ತೋರಿಸುತ್ತದೆ. ರೇಸಿನ ಪ್ಯಾಡಕ್‌ಗಳಲ್ಲಿ ಇಂದಿಗೂ ನೂಲು ಕಟ್ಟುವುದು ಬಡತನದಿಂದಲ್ಲ.

ಯಂತ್ರದ ಗುಣವನ್ನೂ ಹೇಳಬೇಕು. ಕ್ಯಾಸ್ಟರನ್ನು ನೂಲು ಅಳೆಯಲಾರದು, ಕ್ಯಾಂಬರಿಗೆ ಬೇರೆ ಗೇಜ್ ಬೇಕು. ಕ್ಯಾಮೆರಾ ಯಂತ್ರ ಎಲ್ಲವನ್ನೂ ಕೆಲವೇ ನಿಮಿಷದಲ್ಲಿ ಅಳೆಯುತ್ತದೆ, ನೂಲಿಗೆ ಅರ್ಧ ದಿನ. ಯಂತ್ರದ ಅಳತೆ ನಿಖರ. ದೋಷವಿರುವುದು ಆ ನಿಖರತೆಯನ್ನು ಬಣ್ಣಕ್ಕೆ ಇಳಿಸಿ ಓದುವ ರೂಢಿಯಲ್ಲಿ. ಆ ರೂಢಿಯನ್ನು ಹೊಗಳಿ ನೂಲನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಿದ ವಿಮರ್ಶಕರು ಎರಡನ್ನೂ ಸರಿಯಾಗಿ ಓದಿಲ್ಲ.

ಕಾರುಗಳ ಟೈರಿಗೆ ನಮ್ಮ ಕಾನೂನು ಇಟ್ಟಿರುವ ಕನಿಷ್ಠ ತೋಡಿನ ಆಳ 1.6 ಮಿಲಿಮೀಟರ್. ನಡುವೆ ನಾಲ್ಕು ಮಿಲಿಮೀಟರ್ ಇದ್ದು ಒಳಅಂಚಿನಲ್ಲಿ ತಂತಿ ಕಾಣುವ ಟೈರು ಮಳೆಗಾಲದ ಮೈಸೂರು ರಸ್ತೆಯಲ್ಲಿ ಸಿಡಿಯಬಹುದು, ಆದ್ದರಿಂದ ಇದು ಬರೀ ಹಣದ ಮಾತಲ್ಲ. ಮುಂದಿನ ಸಲ ಅಲೈನ್‌ಮೆಂಟಿಗೆ ಹೋದಾಗ ಮೊದಲು ಬಗ್ಗಿ ಒಳಅಂಚಿಗೆ ಕೈ ಹಾಕಿ. ಕೆಲಸ ಶುರುವಾಗುವ ಮುಂಚಿನ ಅಳತೆಯ ಕಾಗದವನ್ನೂ ಕೇಳಿ ಪಡೆಯಿರಿ. ಹಿಂದಿನ ಒಟ್ಟು ಟೋ ಎಷ್ಟು ನಿಮಿಷ ಎಂದು ಕೇಳಿ, ಮಿತಿಯ ಕೆಳತುದಿಗೆ ತರಲು ಹೇಳಿ. ಅಂಕಿ ಹೇಳದೆ ಬಣ್ಣ ತೋರಿಸಿದರೆ ಕಾರನ್ನು ರ‍್ಯಾಂಪಿನಿಂದ ಇಳಿಸಿಕೊಂಡು ಬನ್ನಿ.