ಕಂಟೇನರಿನೊಳಗೇ ಕರ್ನಲ್

2013ರಲ್ಲಿ ಡಾಕರ್ ಬಂದಾಗಿನಿಂದ ಕಂಟೇನರಿನದು ಬಾಡಿಗೆ ಮನೆಯ ಸಂಸಾರ: ಪಾತ್ರೆ ಪಡಗ ತನ್ನದು, ಕರ್ನಲ್ ಮಾತ್ರ ಮಾಲೀಕನದು. ಒಂದು ಸರ್ವರಿನಲ್ಲಿ ಎಷ್ಟೇ ಕಂಟೇನರ್ ಓಡಲಿ, ಎಲ್ಲಕ್ಕೂ ಆಸರೆ ಅದೊಂದೇ ಕರ್ನಲ್.

ಕಂಟೇನರ್ ಇಮೇಜಿನಿಂದಲೇ ಇಡೀ ಯಂತ್ರವನ್ನು ಬೂಟ್ ಮಾಡಿಸುವ ಬೂಟ್‌ಸಿ ಬಂದು ಈ ರೂಢಿ ಮುರಿಯಿತು. ಫೆಡೋರಾದ ಬೂಟ್‌ಸಿ ಇಮೇಜಿನೊಳಗೆ ಕರ್ನಲ್ ಕೂಡ ಇದೆ. ಇಮೇಜನ್ನು ಲ್ಯಾಪ್‌ಟಾಪಿನಲ್ಲಿ ಪಾಡ್‌ಮನ್ ಮೂಲಕ ಮಾಮೂಲಿ ಕಂಟೇನರಿನಂತೆ ಓಡಿಸಿದರೆ ಆ ಕರ್ನಲ್ ಸುಮ್ಮನೆ ಬಿದ್ದಿರುತ್ತದೆ. ಡಿಸ್ಕಿಗೆ ಇಳಿಸಿದರೆ ಬೂಟ್‌ಲೋಡರ್ ಅದನ್ನೇ ಎಬ್ಬಿಸುತ್ತದೆ. ಕಂಟೇನರ್‌ಫೈಲಿನಲ್ಲಿ ಫೆಡೋರಾದ ಬೂಟ್‌ಸಿ ಇಮೇಜನ್ನು ತಳಪಾಯವಾಗಿಟ್ಟು, ಬೇಕಾದ ಪ್ಯಾಕೇಜ್ ಸೇರಿಸಿ, ಬಿಲ್ಡ್ ಮಾಡಿ ರಿಜಿಸ್ಟ್ರಿಗೆ ಕಳಿಸಿದರಾಯಿತು. ಅದರಿಂದ ವರ್ಚುವಲ್ ಮೆಷಿನ್ನಿನ ಡಿಸ್ಕನ್ನೋ ಐಎಸ್‌ಒ ಕಡತವನ್ನೋ ಮಾಡಿಕೊಡುವ ಇಮೇಜ್ ಬಿಲ್ಡರ್ ಕೂಡ, ತಮಾಷೆಯೆಂದರೆ, ಇನ್ನೊಂದು ಕಂಟೇನರ್.

ರೆಡ್ ಹ್ಯಾಟ್ 2024ರ ಮೇ ತಿಂಗಳಲ್ಲಿ ತನ್ನ ಲಿನಕ್ಸಿಗೆ ‘ಇಮೇಜ್ ಮೋಡ್’ ಘೋಷಿಸಿದ್ದು ಬೂಟ್‌ಸಿಯ ಮೇಲೆಯೇ. ಗೇಮಿಂಗ್ ಮಂದಿಯ ಅಚ್ಚುಮೆಚ್ಚಿನ ಬ್ಯಾಝೈಟ್ ಲಿನಕ್ಸ್ ಕೂಡ ಕಂಟೇನರ್ ಇಮೇಜಾಗಿಯೇ ಮನೆ ತಲುಪುತ್ತದೆ.

ಅಪ್‌ಗ್ರೇಡ್ ಅಂದರೆ ಹೊಸ ಇಮೇಜನ್ನು ತಂದು ಹಳೆಯದರ ಪಕ್ಕದಲ್ಲಿಡುವುದು, ಅಷ್ಟೇ. ರೀಬೂಟ್ ಆದಾಗ ಹೊಸದು ಏಳುತ್ತದೆ. ಕೆಟ್ಟರೆ ರೋಲ್‌ಬ್ಯಾಕ್. ಹೊಸಬರು ಮರುಳಾಗುವುದು ಇಲ್ಲೇ, ಎಡವುವುದೂ ಇಲ್ಲೇ.

ಏಕೆಂದರೆ ಇಡೀ ಯಂತ್ರ ಹಿಂದಕ್ಕೆ ಹೋಗುವುದಿಲ್ಲ. ಪ್ರೋಗ್ರಾಮುಗಳಿರುವ ‘/ಯುಎಸ್‌ಆರ್’ ಇಮೇಜಿನ ಸ್ವತ್ತು, ಓದಬಹುದು, ತಿದ್ದುವಂತಿಲ್ಲ. ದತ್ತಾಂಶವಿರುವ ‘/ವಾರ್’ ಯಂತ್ರದ್ದು, ಇಮೇಜು ಎಷ್ಟು ಸಲ ಬದಲಾದರೂ ಅದು ಅಲ್ಲೇ ಉಳಿಯುತ್ತದೆ. ಹೊಸ ಡೇಟಾಬೇಸ್ ಆವೃತ್ತಿ ಎದ್ದು ‘/ವಾರ್’ನಲ್ಲಿರುವ ದತ್ತಾಂಶದ ವಿನ್ಯಾಸವನ್ನು ಬದಲಿಸಿತೆನ್ನಿ. ಆಮೇಲೆ ರೋಲ್‌ಬ್ಯಾಕ್ ಮಾಡಿದರೆ ಹಳೆಯ ಪ್ರೋಗ್ರಾಮ್ ಹೊಸ ದತ್ತಾಂಶದ ಮುಂದೆ ಕಣ್ಣು ಕಣ್ಣು ಬಿಡುತ್ತದೆ. ಬ್ಯಾಕಪ್ ಬೇರೆಯೇ ಇರಬೇಕು.

ಸೆಟ್ಟಿಂಗುಗಳಿರುವ ‘/ಇಟಿಸಿ’ಯದು ಇನ್ನೂ ನಾಜೂಕು. ಅಪ್‌ಗ್ರೇಡಿನಲ್ಲಿ ಇಮೇಜಿನ ಸೆಟ್ಟಿಂಗುಗಳೂ ಯಂತ್ರದಲ್ಲಿ ಮಾಡಿದ ತಿದ್ದುಪಡಿಗಳೂ ಕೂಡಿಕೊಳ್ಳುತ್ತವೆ. ಒಂದೇ ಕಡತಕ್ಕೆ ಎರಡೂ ಕಡೆ ಕೈ ಬಿದ್ದಿದ್ದರೆ ಯಂತ್ರದ್ದೇ ಗೆಲ್ಲುತ್ತದೆ. ಯಾರೋ ರಾತ್ರಿ ಹೊತ್ತು ಅವಸರದಲ್ಲಿ ಎಸ್ಎಸ್ಎಚ್ ಕಡತ ತಿದ್ದಿ ಮರೆತರೆ, ಆ ಕಡತಕ್ಕೆ ಇಮೇಜಿನಲ್ಲಿ ಮುಂದೆ ಮಾಡುವ ಸುಧಾರಣೆ ಆ ಒಂದು ಸರ್ವರಿಗೆ ತಲುಪುವುದೇ ಇಲ್ಲ, ದೂರೂ ಕೇಳಿಸುವುದಿಲ್ಲ. ಪಳಗಿದವರು ಅದಕ್ಕೇ ಸೆಟ್ಟಿಂಗುಗಳನ್ನು ಆದಷ್ಟೂ ‘/ಯುಎಸ್‌ಆರ್’ನಲ್ಲೇ ಇಡುತ್ತಾರೆ. ಪಾಸ್‌ವರ್ಡುಗಳನ್ನಂತೂ ಇಮೇಜಿಗೆ ಸೇರಿಸುವುದೇ ಇಲ್ಲ: ರಿಜಿಸ್ಟ್ರಿಯಿಂದ ಇಮೇಜನ್ನು ಇಳಿಸಿಕೊಂಡ ಯಾರಿಗಾದರೂ ಅದರ ಒಂದೊಂದು ಪದರವೂ ತೆರೆದೇ ಇರುತ್ತದೆ.