ಸೀರೆ ನೋಡಿ ಕೂಲಿ, ಮೂತ್ರ ನೋಡಿ ಕೆಲಸ

ಮೊಳಕಾಲ್ಮೂರಿನ ರೇಷ್ಮೆ ನೇಕಾರನ ಕೂಲಿ ನಿಲ್ಲುವುದು ಸೀರೆಯ ಮೇಲೆ. ಅಂಚು ನೆಟ್ಟಗಿದೆಯೇ, ಸೆರಗಿನಲ್ಲಿ ಎಳೆ ತಪ್ಪಿದೆಯೇ ಎಂದು ನೋಡಿ ದುಡ್ಡು ಕೊಡುತ್ತಾರೆ. ಅಲ್ಲಿ ಶೋಷಣೆ ಇಲ್ಲವೆಂದಲ್ಲ. ಆದರೆ ನಿನ್ನೆ ರಾತ್ರಿ ಏನು ಸೇದಿದೆ ಎಂದು ಯಾರೂ ಸೀಸೆ ಹಿಡಿದು ನಿಲ್ಲುವುದಿಲ್ಲ. ಅದೇ ಮನೆಯ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುವಾಗ, ಮಾದಕ ವಸ್ತು ಪತ್ತೆಗೆ ಮೂತ್ರ ಕೊಡಲು ಒಪ್ಪಿದ್ದೇನೆಂಬ ಕಾಗದಕ್ಕೆ ಸಹಿ ಹಾಕಬೇಕಾಗಿ ಬರಬಹುದು. ಸಹಿ ಹಾಕದಿದ್ದರೆ ಕೆಲಸವಿಲ್ಲ. ಇದಕ್ಕೆ ಒಪ್ಪಿಗೆ ಎಂದು ಹೆಸರು!

ಅಮಲು ಪದಾರ್ಥ ಹರಾಮ್, ಅದರಲ್ಲಿ ಚೌಕಾಸಿಯಿಲ್ಲ. ಬಸ್ ಚಾಲಕ ಊದಿ ತೋರಿಸಲಿ, ಪ್ರಯಾಣಿಕರ ಜೀವದ ಪ್ರಶ್ನೆ ಅದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ಮೀರಬಾರದೆಂಬ ಮೋಟಾರು ವಾಹನ ಕಾಯ್ದೆಯ ಮಿತಿ ಆ ಹೊತ್ತಿನ ಅಮಲಿಗೆ ಸಂಬಂಧಿಸಿದ್ದು. ಮೂತ್ರ ಪರೀಕ್ಷೆಯ ಕಥೆ ಬೇರೆ. ಗಾಂಜಾದ ಕುರುಹು ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇದುವವನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಕೆಲಸದ ವೇಳೆ ಆತ ಸರಿಯಿದ್ದನೇ ಎಂಬುದನ್ನು ಅದು ಹೇಳುವುದಿಲ್ಲ. 2022ರ ಜನವರಿ 31ರಿಂದ ವಿಮಾನ ಸಿಬ್ಬಂದಿಗೆ ಜಾರಿಯಾದ ನಿಯಮದಲ್ಲೂ ಮೊದಲ ಸಲ ಸಿಕ್ಕಿಬಿದ್ದವರನ್ನು ವ್ಯಸನಮುಕ್ತಿ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನಿಗೆ ಧಣಿಯ ಮರ್ಜಿಯೇ ನಿಯಮ.

ಹಝ್ರತ್ ಉಮರ್(ರ)ರ ಪ್ರಸಂಗ ಹಲವರಿಗೆ ಗೊತ್ತು. ರಾತ್ರಿ ಗೋಡೆ ಹತ್ತಿ, ಮನೆಯೊಳಗೆ ಮದ್ಯದೊಂದಿಗೆ ಕುಳಿತವನನ್ನು ಹಿಡಿದರು. ಆತ ತಿರುಗಿ ಕೇಳಿದ: ನನ್ನದು ಒಂದು ತಪ್ಪು, ನಿಮ್ಮದು ಮೂರು. ಗೂಢಚಾರಿಕೆ ಮಾಡಿದಿರಿ, ಬಾಗಿಲು ಬಿಟ್ಟು ಬಂದಿರಿ, ಅನುಮತಿ ಕೇಳಲಿಲ್ಲ. ಖಲೀಫರು ಅವನನ್ನು ಬಿಟ್ಟು ಹೊರಟರು. ಕುಡಿತ ಪಾಪವಲ್ಲವೆಂದು ಅವರು ಬಿಡಲಿಲ್ಲ. ಸಂಶಯ ಮತ್ತು ಗೂಢಚಾರಿಕೆಯನ್ನು ನಿಷೇಧಿಸುವ ಅಲ್-ಹುಜುರಾತ್‌ನ 12ನೇ ಸೂಕ್ತ ಆಳುವವನಿಗೂ ಅನ್ವಯವೆಂದು ಬಿಟ್ಟರು. ಮದ್ಯವಿರೋಧಿ ಭಾಷಣಗಳಲ್ಲಿ ನಮ್ಮವರು ಈ ಭಾಗವನ್ನು ಅಷ್ಟಾಗಿ ನೆನೆಯುವುದಿಲ್ಲ.

ಇನ್ನು ಕಾನೂನಿನ ಮಾತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಆರೋಪಿಯ ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮೆದುಳು ಪರೀಕ್ಷೆ ಕೂಡದೆಂದಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕಾಯಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು, ಮಾಲೀಕನನ್ನು ನಷ್ಟದಿಂದ ಕಾಪಾಡಲು ನೌಕರನ ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೂ ಬಳಸಲು ದಾರಿ ಬಿಟ್ಟಿದೆ. ಕೊಲೆ ಆರೋಪಿಗೆ ಸಿಕ್ಕ ರಕ್ಷಣೆ ಕೂಲಿಯವನಿಗೆ ಇಲ್ಲವೇ?

ಇದು ಪಟ್ಟಣದ ಮಾತು, ನಮ್ಮೂರಿಗೇನು ಎನ್ನಬೇಡಿ. ಚಳ್ಳಕೆರೆ ಸೀಮೆಯಂಥ ಬರದ ನಾಡಿನಲ್ಲಿ ಕೆರೆ ಹೂಳೆತ್ತುವ ಹೆಂಗಸನ್ನೂ ಈ ಸಂಶಯ ಬಿಡಲಿಲ್ಲ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿ 1ರಿಂದ ದಿನಕ್ಕೆರಡು ಬಾರಿ ಮೊಬೈಲ್ ಫೋಟೋ ಹಾಜರಿ ಕಡ್ಡಾಯವಾಯಿತು. ಅಗೆದ ಮಣ್ಣಿನ ಅಳತೆ ಸಾಲದೆ ಮುಖವೂ ಬೇಕಾಯಿತು. ಕಳ್ಳರು ನಿಂತರೇ? ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆಂದು 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಬರೆಯಿತು. ಸಿಗ್ನಲ್ ಸಿಗದೆ ಹಾಜರಿ ತಪ್ಪಿದವಳು ಮಾತ್ರ, ಗುದ್ದಲಿ ಹಿಡಿದ ಕೈ ತೋರಿಸಿ ಕೂಲಿಗಾಗಿ ಅಂಗಲಾಚಬೇಕಾಯಿತು.